ಬಚ್ಚಲುಮನೆಯ ಕೆಂಪು ಟೈಲು

ನಮ್ಮ ದೊಡ್ಡಮ್ಮನಿಗೆ ಕೊಳೆ ಕಂಡರೆ ಮೈ ಉರಿಯುತ್ತದೆ. ಯಾರ ಮನೆಗೆ ಹೋದರೂ ಮೊದಲು ಬಗ್ಗಿ ಮಂಚದ ಕೆಳಗೆ ನೋಡುತ್ತಾಳೆ, ಆಮೇಲೆ ಮನೆಯವರ ಮುಖ ನೋಡುತ್ತಾಳೆ. ಹೀಗಾಗಿ ನೆಂಟರಲ್ಲಿ ಅರ್ಧ ಜನ ಅವಳನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಪೊಲೀಸ್ ಠಾಣೆಯೊಂದರಲ್ಲಿ ಹದಿನಾರು ವರ್ಷ ಕಸ ಗುಡಿಸಿ ನೆಲ ಒರೆಸಿದವಳು ಅವಳು. ಗುತ್ತಿಗೆ ಕೆಲಸ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಅಲ್ಲಿ ಎಲ್ಲರಿಗೂ ಅವಳು "ಏ ಪೊರಕೆ". ಕೇಳಿದರೆ ನನ್ನ ರಕ್ತ ಕುದಿಯುತ್ತಿತ್ತು, ಅವಳು ಮಾತ್ರ ನಗುತ್ತಿದ್ದಳು.

ಠಾಣೆಯ ಹಿಂಭಾಗದಲ್ಲಿ ಹಳೆಯ ಕಡತಗಳ ಕೋಣೆಯೊಂದಿತ್ತು. ಹಸಿರು ಟೈಲ್ಸಿನ ನೆಲ. ಯಾವ ಕಾಲದಲ್ಲೋ ಹಸಿರು ಸಾಲದೆ ಗಾರೆಯವನು ಬಾಗಿಲ ಪಕ್ಕ ಒಂದು ಕೆಂಪು ಟೈಲು ಕೂರಿಸಿ ಹೋಗಿದ್ದ. ಅದರ ಮೂಲೆ ಮುರಿದಿತ್ತು. ಒರೆಸುವ ಬಟ್ಟೆ ದಿನಾ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು, ದೊಡ್ಡಮ್ಮ ದಿನಾ ಆ ಗಾರೆಯವನಿಗೆ ಶಾಪ ಹಾಕುತ್ತಿದ್ದಳು. ಒಂದು ವಾರ ಇದ್ದಕ್ಕಿದ್ದಂತೆ ಆ ನೆಲ ಕಿತ್ತು ಬಿಳಿ ಟೈಲ್ಸ್ ಹಾಕಿಸಿದರು. ಕಿತ್ತಿದ್ದು ಹಿತ್ತಿಲಲ್ಲಿ ರಾಶಿ ಬಿದ್ದಿತ್ತು. ಚೆನ್ನಾಗಿರುವ ವಸ್ತುವನ್ನು ಬಿಟ್ಟುಬರುವ ಜಾಯಮಾನ ದೊಡ್ಡಮ್ಮನದಲ್ಲ. ಕೇಳಿಕೊಂಡು, ದಿನಕ್ಕೆ ಎರಡು ಮೂರರಂತೆ ಹೊತ್ತು ತಂದು, ನಮ್ಮ ಬಚ್ಚಲುಮನೆಯ ಮಣ್ಣು ನೆಲಕ್ಕೆ ತಾನೇ ಹಾಸಿದಳು.

"ಈ ಕೆಂಪು ಮೂದೇವಿ ಹದಿನಾರು ವರ್ಷ ನನ್ನ ಪ್ರಾಣ ತಿಂದಿದೆ. ಇನ್ಮೇಲೆ ನನ್ನ ಕಾಲಡಿ ಬಿದ್ದಿರ್ಲಿ" ಎಂದಳು.

ಏಳು ತಿಂಗಳು ನಾವಿಬ್ಬರೂ ಅದರ ಮೇಲೆ ನಿಂತು ಸ್ನಾನ ಮಾಡಿದೆವು.

ಒಂದು ದಿನ ಅವಳು ಠಾಣೆಯ ಜಗುಲಿ ಒರೆಸುತ್ತಿದ್ದಾಗ ಪೇದೆಗಳಿಬ್ಬರು ಯಾವುದೋ ವರದಿಯನ್ನು ಗಟ್ಟಿಯಾಗಿ ಓದಿ ಹಲ್ಲು ಕಿರಿಯುತ್ತಿದ್ದರು. ಅವರ ಮಾತಿನಿಂದಲೇ ಅವಳಿಗೆ ವಿಷಯ ತಿಳಿದದ್ದು. ಏಳೆಂಟು ತಿಂಗಳ ಹಿಂದೆ, ಕಳೆದುಹೋದ ಚೀಲದ ಬಗ್ಗೆ ದೂರು ಕೊಡಲು ಬಂದಿದ್ದ ನರ್ಸ್ ಒಬ್ಬಳನ್ನು, ಬರೆಸಿಕೊಳ್ಳುವ ನೆಪದಲ್ಲಿ ಇನ್‌ಸ್ಪೆಕ್ಟರ್ ಆ ಕಡತಗಳ ಕೋಣೆಗೆ ಕರೆದೊಯ್ದು ಅತ್ಯಾಚಾರ ಮಾಡಿದ್ದ. ಅವಳ ದೂರನ್ನು ಠಾಣೆ ಮುಟ್ಟಲಿಲ್ಲ. ಚಪ್ಪಲಿ ಸವೆಯುವಷ್ಟು ಅಲೆದ ಮೇಲೆ ಮೇಲಿನ ಕಚೇರಿ ತೆಗೆದುಕೊಂಡಿತು, ತನಿಖೆಯನ್ನು ಇನ್‌ಸ್ಪೆಕ್ಟರನ ಗೆಳೆಯನಾದ ಅಧಿಕಾರಿಗೇ ಕೊಟ್ಟಿತು. ಆ ಮಹಾಶಯ ಬಂದ, ಟೀ ಕುಡಿದ, ಬರೆದ: ದೂರುದಾರಳು ಹಸಿರು ನೆಲವನ್ನೂ ಮೂಲೆ ಮುರಿದ ಕೆಂಪು ಟೈಲನ್ನೂ ನೋಡಿದೆ ಎನ್ನುತ್ತಾಳೆ, ಕೋಣೆಯ ನೆಲ ಬಿಳಿ, ದೂರು ಸುಳ್ಳು. ಸೋಮವಾರ ಮೇಲಿನ ಕಚೇರಿಯಲ್ಲಿ ಕೊನೆಯ ವಿಚಾರಣೆ. ಅಲ್ಲಿಯೂ ಇದೇ ನಿಂತರೆ ಸುಳ್ಳು ದೂರಿನ ಕೇಸು ನರ್ಸಿನ ಮೇಲೆಯೇ ಬೀಳುತ್ತಿತ್ತು.

ದೊಡ್ಡಮ್ಮ ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಕಾಲಲ್ಲೇ ಒಳಗೆ ಬಂದು ಬಚ್ಚಲ ಬಾಗಿಲಲ್ಲಿ ನಿಂತಳು. ಅವಳು ಚಪ್ಪಲಿ ಬಿಡದೆ ಒಳಗೆ ಬಂದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ಆ ನರ್ಸಮ್ಮ ಹೇಳಿದ್ದು ನಿಜ ಕಣೇ. ನೆಲ ಕೀಳೋಕೆ ಸ್ವಲ್ಪ ದಿನ ಮುಂಚೆ, ಒಂದು ಬೆಳಿಗ್ಗೆ ಆ ಕೋಣೇಲಿ ಹೆಂಗಸರ ತಲೆಪಿನ್ನು, ಕಿತ್ತುಬಂದ ಗುಂಡಿ ಬಿದ್ದಿತ್ತು. ಗುಡಿಸಿ ಎಸೆದೆ."

"ದೊಡ್ಡಮ್ಮ, ಅವರ ತಂಟೆಗೆ ಹೋದ್ರೆ ಕೆಲಸ ಹೋಗುತ್ತೆ" ಎಂದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

"ಹೋಗ್ಲಿ. ಆ ಹಾರೆ ಕೊಡು ಇಲ್ಲಿ."

ಸಾಕ್ಷಿಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಸೋಮವಾರ ಆ ಕಚೇರಿಯ ಬಾಗಿಲಲ್ಲಿ ಜವಾನ ನನ್ನನ್ನು ತಡೆದ. ದೊಡ್ಡಮ್ಮ ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಚೀಲ ಹಿಡಿದು ಅವನ ಮುಂದೆಯೇ ಒಳಗೆ ನಡೆದಳು. ಪೊರಕೆ ಹಿಡಿದವಳನ್ನು ಯಾರೂ ತಡೆಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಕಿಟಕಿಯ ಹತ್ತಿರ ಓಡಿದೆ.

ವಿಚಾರಣೆ ನಡೆಸುತ್ತಿದ್ದ ನಿವೃತ್ತ ನ್ಯಾಯಾಧೀಶೆಯ ಮೇಜಿನ ಮೇಲೆ ಅವಳು ಕೆಂಪು ಟೈಲನ್ನೂ ಎರಡು ಹಸಿರು ಟೈಲ್ಸನ್ನೂ ಇಟ್ಟಳು. ಎಲ್ಲಿಂದ ತಂದದ್ದೆಂದು ಹೇಳಿದಳು. ವರದಿ ಬರೆದ ಅಧಿಕಾರಿ ಮೂಗು ಮುರಿದ. "ಇಂಥವು ಎಲ್ಲಿ ಬೇಕಾದ್ರೂ ಸಿಗ್ತವೆ."

"ಸಿಗ್ತವೆ ಸಾಹೇಬ್ರೇ. ಹಾಗಾದ್ರೆ ಆ ಕೋಣೆಯ ಕಬ್ಬಿಣದ ಬೀರು ಸರಿಸಿ ನೋಡಿ. ನಿಮ್ಮೋರು ಅವಸರದಲ್ಲಿ ಅದನ್ನ ಎತ್ತಲೇ ಇಲ್ಲ, ಸುತ್ತ ಮಾತ್ರ ಬಿಳಿ ಹಾಕ್ಸಿದ್ರು. ಅಡಿಯಲ್ಲಿ ಹಸಿರು ಹಾಗೇ ಇದೆ. ದಿನಾ ಕೈ ತೂರಿಸಿ ಒರೆಸೋಳು ನಾನು."

ಅಲ್ಲಿದ್ದವರ ಪೈಕಿ ಬೀರುವಿನ ಅಡಿಗೆ ಬಗ್ಗಿ ನೋಡಿದವಳು ಅವಳೊಬ್ಬಳೇ.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ಎಂದರು ನ್ಯಾಯಾಧೀಶೆ.

"ಯಾರೂ ನನ್ನ ಕೇಳ್ಲಿಲ್ಲ ಅನ್ನಬಹುದು ಮೇಡಮ್. ಆದ್ರೆ ಆ ಗುಂಡಿ ಯಾರದು ಅಂತ ನಾನೂ ಕೇಳ್ಲಿಲ್ಲ."

ನರ್ಸ್ ಎದ್ದು ಬಂದು ಟೈಲಿನ ಮುರಿದ ಮೂಲೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಗಟ್ಟಿಯಾಗಿ ಅತ್ತಳು. ಕಿಟಕಿಯಾಚೆ ನಾನೂ ಅತ್ತೆ.

ಅವತ್ತೇ ಬೀರು ಸರಿಸಿದರು. ನಾಲ್ಕು ಹಸಿರು ಟೈಲ್ಸ್ ಸಿಕ್ಕವು. ಇನ್‌ಸ್ಪೆಕ್ಟರ್ ಜೈಲು ಸೇರಿದ, ಕೇಸು ಇನ್ನೂ ನಡೆಯುತ್ತಿದೆ. ವರದಿ ಬರೆದವನಿಗೆ ಬರೀ ವರ್ಗಾವಣೆ, ಅದೂ ಇನ್ನೂ ದೊಡ್ಡ ಕುರ್ಚಿಗೆ. ದೊಡ್ಡಮ್ಮನನ್ನು ತೆಗೆಯಲು ಆದೇಶವೂ ಬೇಕಾಗಲಿಲ್ಲ, ಪುಸ್ತಕದಲ್ಲಿ ಹೆಸರೇ ಇರಲಿಲ್ಲವಲ್ಲ. ಈಗ ಒಂದು ಶಾಲೆಯಲ್ಲಿ ಗುಡಿಸುತ್ತಾಳೆ. ಭಾನುವಾರ ನರ್ಸ್ ಬರುತ್ತಾಳೆ, ದೊಡ್ಡಮ್ಮ ಅವಳಿಗೆ ತಲೆ ಬಾಚುತ್ತಾ ಉಗುರು ಕತ್ತರಿಸಿಲ್ಲವೆಂದು ಬೈಯುತ್ತಾಳೆ.

ಟೈಲ್ಸ್ ಕೋರ್ಟಿನಲ್ಲಿವೆ. ಬಚ್ಚಲಲ್ಲಿ ಅವಿದ್ದ ಜಾಗದಲ್ಲಿ ನೀರು ನಿಂತು ಕೆಸರಾಗುತ್ತದೆ. ಹೊಸದು ಹಾಕಿಸೋಣವೆಂದು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

"ತೀರ್ಪು ಬರ್ಲಿ, ಆಮೇಲೆ ನೋಡೋಣ" ಎನ್ನುತ್ತಾಳೆ. ಒಂದು ಚಿಟಿಕೆ ಧೂಳು ಸಹಿಸದ ನಮ್ಮ ದೊಡ್ಡಮ್ಮ ಮೂರು ವರ್ಷದಿಂದ ದಿನಾ ಬೆಳಿಗ್ಗೆ ಆ ಕೆಸರಿನಲ್ಲಿ ಕಾಲಿಟ್ಟು ನಿಂತು ಸ್ನಾನ ಮಾಡುತ್ತಾಳೆ.