ಅಂಗಳದಲ್ಲಿ ಆಯಿಲ್ ಬದಲಿಸಿದ ಶುಕ್ರವಾರ

ಗಂಡನ ಬೆನ್ನಿನ ಆಪರೇಶನ್ ಆಗಿ ಐದು ತಿಂಗಳು ಕಳೆದ ಮೇಲೆ ಒಂದು ಗುರುವಾರ ಸಂಜೆ ಅವರಿಗೆ ಹೇಳಿದೆ, "ಕಾರಿನ ಆಯಿಲ್ ಬದಲಿಸುವ ಸಮಯ ದಾಟಿದೆ. ಗ್ಯಾರೇಜಿಗೆ ಕೊಟ್ಟು ಬರ್ತೇನೆ."

"ಕೊಟ್ಟು ಬಾ," ಅಂದರು.

ಅಷ್ಟೇ. ಟಿವಿಯಿಂದ ಕಣ್ಣು ಕೂಡ ತೆಗೆಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಬಹರೈನಿಗೆ ಬಂದ ಇಷ್ಟು ವರ್ಷಗಳಲ್ಲಿ ಇವರು ನಮ್ಮ ಯಾವ ಕಾರಿನ ಆಯಿಲನ್ನೂ ಒಂದೇ ಒಂದು ಸಲ ಬಿಟ್ಟರೆ ಇನ್ನೊಬ್ಬರ ಕೈಯಲ್ಲಿ ಬದಲಾಯಿಸಿಕೊಂಡವರಲ್ಲ. ಆ ಸಲ ನಮ್ಮ ಮೊದಲ ಕಾರು ಯಾವುದೋ ಗ್ಯಾರೇಜಿಗೆ ಹೋಗಿ ಬಂದಾಗ ಎಣ್ಣೆ ಇಳಿಸುವ ಅಡಿಯ ಬೋಲ್ಟಿನ ಮೂಲೆಗಳೆಲ್ಲ ಸವೆದು ಉರುಟಾಗಿದ್ದವು. ಆ ಬೋಲ್ಟನ್ನು ಇವರು ಒಂದು ಡಬ್ಬದಲ್ಲಿ ಜೋಪಾನವಾಗಿ ಇಟ್ಟುಕೊಂಡರು, ಯಾರಾದರೂ ಗ್ಯಾರೇಜಿನ ಮಾತೆತ್ತಿದರೆ ತೋರಿಸುವುದಕ್ಕೆ. ಸಿತ್ರಾದ ಒಂದು ಕಾರ್ಖಾನೆಯಲ್ಲಿ ಇವರು ಪಂಪ್ ಫಿಟ್ಟರ್. ಕೈಯಲ್ಲಿ ಸ್ಪಾನರ್ ಇದ್ದರೆ ಮಾತ್ರ ಸಮಾಧಾನ ಇರುವ ಮನುಷ್ಯ. ಬೆನ್ನಿನ ಡಿಸ್ಕ್ ಆಪರೇಶನ್ ಆದ ಮೇಲೆ ಬಗ್ಗಬಾರದು, ಭಾರ ಎತ್ತಬಾರದು, ನೆಲದಲ್ಲಿ ಮಲಗಿ ಏಳಬಾರದು ಎಂದು ಡಾಕ್ಟರು ಹೇಳಿದರು. ಕಂಪನಿಯವರು ಕೆಲಸದಿಂದ ತೆಗೆಯಲಿಲ್ಲ, ಒಳ್ಳೆಯವರು. ಆಫೀಸಿನಲ್ಲಿ ಒಂದು ಮೇಜು ಕೊಟ್ಟು ಕೂರಿಸಿದರು. ಆವತ್ತಿನಿಂದ ಮನೆಯಲ್ಲಿ ಇವರ ಮಾತು ಕಡಿಮೆಯಾಗುತ್ತ ಬಂತು.

"ಗ್ಯಾರೇಜು ಬೇಡ," ಅಂದೆ. "ನಾನೇ ಮಾಡ್ತೇನೆ. ನೀವು ಹೇಳಿಕೊಡಿ."

ಈಗ ಟಿವಿಯಿಂದ ತಿರುಗಿದರು. "ನೀನಾ? ಕಾರಿನ ಅಡಿಯಲ್ಲಿ ಮಲಗಿಯಾ?"

"ಮತ್ತೆ ಮೇಲೆ ಕೂತುಕೊಂಡು ಆಗ್ತದಾ?"

ನಾನೂ ಸಿತ್ರಾದಲ್ಲೇ ಕೆಲಸ ಮಾಡುವವಳು, ಒಂದು ಸಣ್ಣ ಲ್ಯಾಬಿನಲ್ಲಿ. ಹಡಗಿನ ಎಂಜಿನ್ನು, ಕ್ರೇನು, ಜನರೇಟರುಗಳಿಂದ ತೆಗೆದ ಎಣ್ಣೆ ಪುಟ್ಟ ಬಾಟಲಿಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ನೀರು ಸೇರಿದೆಯೇ, ಲೋಹದ ಪುಡಿ ಇದೆಯೇ, ಎಷ್ಟು ತೆಳುವಾಗಿದೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಬೇರೆಯವರ ಎಂಜಿನ್ನುಗಳ ಆರೋಗ್ಯ ನನಗೆ ಗೊತ್ತು. ನನ್ನ ಕಾರಿನ ಬೋನೆಟ್ ತೆರೆಯುವ ಹಿಡಿಕೆ ಎಲ್ಲಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಜಿಂಜ್‌ನಲ್ಲಿ ನಮ್ಮದು ಹಳೆಯ ವಿಲ್ಲಾದ ಕೆಳಗಿನ ಮನೆ. ಮೇಲೆ ಕಟ್ಟಡದ ಮಾಲಿಕರಾದ ಬಹರೈನಿ ಅಜ್ಜ ಇರುತ್ತಾರೆ. ಅಂಗಳಕ್ಕೆ ಅವರು ಆಗಷ್ಟೇ ಹೊಸ ಟೈಲ್ಸ್ ಹಾಕಿಸಿದ್ದರು. ಶುಕ್ರವಾರ ಬೆಳಿಗ್ಗೆ ಆ ಟೈಲ್ಸಿನ ಮೇಲೆ ದಪ್ಪ ರಟ್ಟು ಹಾಸಿ, ಅದರ ಮೇಲೆ ಹಳೆಯ ಬೆಡ್‌ಶೀಟು ಹಾಸಿದೆ. ಜನವರಿಯ ಬಿಸಿಲು, ತಣ್ಣಗಿನ ಗಾಳಿ. ಇವರು ಬೆನ್ನಿಗೆ ದಿಂಬು ಇಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮನೆಯಲ್ಲಿ ನಾವು ಮಾತಾಡುವುದು ತುಳು. ಆದರೆ ಸಿಟ್ಟು ಬಂದಾಗ, ಇಲ್ಲವೇ ಏನಾದರೂ ಕಲಿಸುವಾಗ ಇವರಿಗೆ ಕನ್ನಡವೇ ಬರುವುದು. ಆ ದಿನ ಹೆಚ್ಚಾಗಿ ಕನ್ನಡವೇ.

"ಮೊದಲು ಹತ್ತು ನಿಮಿಷ ಹೈವೇಯಲ್ಲಿ ಓಡಿಸಿಕೊಂಡು ಬಾ. ಎಣ್ಣೆ ಬಿಸಿಯಾಗಬೇಕು, ಇಲ್ಲದಿದ್ದರೆ ಪೂರ್ತಿ ಇಳಿಯುದಿಲ್ಲ."

ಓಡಿಸಿ ಬಂದೆ. ಮುಂದಿನ ಎರಡು ಚಕ್ರಗಳನ್ನು ಕಾರು ಎತ್ತರಿಸಲು ಇವರು ಇಟ್ಟಿದ್ದ ಕಬ್ಬಿಣದ ರ‍್ಯಾಂಪಿನ ಮೇಲೆ ಹತ್ತಿಸಿದೆ. ನಮ್ಮದು ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರು, ನಿಧಾನವಾಗಿ ಹೋಗುವಾಗ ಬ್ಯಾಟರಿಯಲ್ಲೇ ಹೋಗುತ್ತದೆ. ಒಂದು ಚೂರೂ ಸದ್ದಿಲ್ಲದೆ ಮೇಲೆ ಹತ್ತಿ ನಿಂತಿತು.

"ಆಫ್ ಮಾಡಿದ್ದಿಯಾ?"

"ಆಗ್ಲೇ ಆಫ್ ಆಗಿದೆ. ಸದ್ದೇ ಇಲ್ಲವಲ್ಲ."

"ಅದೇ ಮೋಸ ಮಾರಾಯ್ತಿ! ಈ ಕಾರಿನಲ್ಲಿ ಸದ್ದಿಲ್ಲ ಅಂದರೆ ಆಫ್ ಅಂತ ಅಲ್ಲ. ಬ್ಯಾಟರಿ ಇಳಿದ ಕೂಡಲೇ ಎಂಜಿನ್ ತನ್ನಷ್ಟಕ್ಕೆ ಶುರುವಾಗ್ತದೆ. ನೀನು ಅಡಿಯಲ್ಲಿ ಇರುವಾಗ ಹಾಗಾದರೆ? ಬಟನ್ ಒತ್ತು, ಮೀಟರಿನ ದೀಪ ಎಲ್ಲ ಆರಿದೆಯಾ ನೋಡು. ಹ್ಯಾಂಡ್‌ಬ್ರೇಕ್ ಎಳಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ಕೀ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಇಡು. ಮತ್ತೆ, ಕಿತ್ತಳೆ ಬಣ್ಣದ ದಪ್ಪ ವಯರು ಕಂಡರೆ ಕೈ ಹಾಕಬೇಡ. ಅದರಲ್ಲಿ ಕರೆಂಟು ಜಾಸ್ತಿ."

ಐದು ತಿಂಗಳಲ್ಲಿ ಇಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು.

ಮಲಗಿ ಅಡಿಗೆ ಜಾರಿದೆ. ಅಡಿಯ ಪ್ಲಾಸ್ಟಿಕ್ ಮುಚ್ಚಳ ಸರಿಸಿದಾಗ ಬೋಲ್ಟು ಕಂಡಿತು. ಸ್ಪಾನರ್ ಹಾಕಿ ಎಳೆದೆ. ಅಲುಗಲಿಲ್ಲ.

"ಎಡಕ್ಕೆ," ಅಂದರು.

"ಯಾರ ಎಡಕ್ಕೆ? ನಾನು ಅಂಗಾತ ಮಲಗಿದ್ದೇನೆ."

ಕುರ್ಚಿಯಲ್ಲಿ ಕೂತು ಅವರು ಗಾಳಿಯಲ್ಲಿ ಕೈ ತಿರುಗಿಸಿ ನೋಡುತ್ತಿದ್ದರೆಂದು ಆಮೇಲೆ ಹೇಳಿದರು. ಅಷ್ಟರಲ್ಲಿ ನಾನೇ ಇನ್ನೊಂದು ಕಡೆಗೆ ಎಳೆದೆ, ಬೋಲ್ಟು ಸಡಿಲವಾಯಿತು. ಕೊನೆಯ ಸುತ್ತು ಬೆರಳಲ್ಲಿ ಬಿಚ್ಚಿ ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಬೆಚ್ಚಗಿನ ಎಣ್ಣೆ ಮೊಣಕೈವರೆಗೆ ಇಳಿಯಿತು. ಲ್ಯಾಬಿನಲ್ಲಿ ಗ್ಲೌಸ್ ಹಾಕಿ ಮುಟ್ಟುವ ವಸ್ತು ಅಂಗಿಯ ತೋಳಿನೊಳಗೆ ಹೋಗುವಾಗ ನಗು ಬಂತು. ಎಣ್ಣೆ ಹಿಡಿಯಲು ಇಟ್ಟಿದ್ದ ಟಬ್ಬನ್ನು ಅದರ ಕೆಳಗೆ ಸರಿಮಾಡಿ ಹೊರಗೆ ಬಂದೆ.

ಎಣ್ಣೆ ಪೂರ್ತಿ ಇಳಿಯಲು ಸ್ವಲ್ಪ ಹೊತ್ತು ಬೇಕು. ಇಬ್ಬರೂ ಚಹಾ ಕುಡಿಯುತ್ತ ಕಾದೆವು. ಇವರು ಕುರ್ಚಿಯಿಂದಲೇ ಕತ್ತು ಚಾಚಿ ಟಬ್ಬು ನೋಡಿ ಅಂದರು, "ಇನ್ನೂ ಹೊಂಬಣ್ಣ ಉಂಟು. ಸುಮ್ಮನೆ ಬದಲಿಸಿದೆವು. ಅರ್ಧ ಹೊತ್ತು ಬ್ಯಾಟರಿಯಲ್ಲೇ ಓಡುವ ಎಂಜಿನ್, ಎಣ್ಣೆ ಹಾಳಾಗುದೇ ಇಲ್ಲ."

ನಾನು ಬೆರಳಲ್ಲಿ ಒಂದು ಹನಿ ತೆಗೆದು ಉಜ್ಜಿ, ಮೂಸಿ ನೋಡಿ ಅವರ ಮೂಗಿನ ಹತ್ತಿರ ಹಿಡಿದೆ. "ಮೂಸಿ."

"ಎಂತದು? ಪೆಟ್ರೋಲ್ ವಾಸನೆಯಾ?"

"ಹೌದು. ತೆಳುವಾಗಿದೆ ಕೂಡ. ಜಿಂಜ್‌ನಿಂದ ಸಿತ್ರಾಕ್ಕೆ ಎಷ್ಟು ದೂರ ಉಂಟು ಹೇಳಿ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಾನು ಲ್ಯಾಬು ಮುಟ್ಟಿರ್ತೇನೆ. ನಡುವೆ ಅದು ಹತ್ತು ಸಲ ನಿಲ್ತದೆ, ಹತ್ತು ಸಲ ಶುರುವಾಗ್ತದೆ. ಉರಿಯದ ಪೆಟ್ರೋಲು ಎಣ್ಣೆಗೆ ಇಳಿಯುತ್ತದೆ. ಬಣ್ಣ ನೋಡಿದರೆ ಇದು ಗೊತ್ತಾಗುದಿಲ್ಲ."

ಇವರು ನನ್ನ ಬೆರಳು ಹಿಡಿದು ಇನ್ನೊಮ್ಮೆ ಮೂಸಿದರು. "ಇಷ್ಟು ವರ್ಷ ಹೇಳಲಿಲ್ಲ ನೀನು."

"ನೀವು ಕೇಳಲಿಲ್ಲ."

ಆಮೇಲೆ ಚಹಾದ ಲೋಟ ನೋಡುತ್ತ, ತುಳುವಿನಲ್ಲಿ ಅಂದರು, ಆಫೀಸಿನಲ್ಲಿ ಒಂದು ಮಾತು ಬಂದಿದೆ ಎಂದು. ಹೊಸದಾಗಿ ಸೇರಿದ ಫಿಟ್ಟರುಗಳಿಗೆ ಕೆಲಸ ಕಲಿಸುತ್ತೀರಾ ಎಂದು ಸೂಪರ್‌ವೈಸರ್ ಕೇಳಿದರಂತೆ. ಇವರು ಆಗುವುದಿಲ್ಲ ಎಂದರಂತೆ.

"ಯಾಕೆ?"

"ಬಾಯಲ್ಲಿ ಕೆಲಸ ಮಾಡುವವನಾ ನಾನು? ಕೈಯಲ್ಲಿ ಮಾಡಿ ತೋರಿಸಲಿಕ್ಕೆ ಆಗದ ಮೇಲೆ ಎಂತ ಕಲಿಸುದು? ಆಚೆ ಕೂತು ಭಾಷಣ ಮಾಡುದಾ?"

ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಬಂದೆ.

ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ಆಮೇಲೆ ಎಣ್ಣೆ ಸೋಸುವ ಹಳೆಯ ಫಿಲ್ಟರ್ ಬಿಚ್ಚಿದೆ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಲ್ಲಿ ಎಣ್ಣೆ ಹಚ್ಚಿ, ಕೈಯಲ್ಲೇ ತಿರುಗಿಸಿ ಕೂರಿಸಿದೆ. ಎಲ್ಲ ಅವರು ಹೇಳಿದ ಹಾಗೆ. ಮೇಲಿನಿಂದ ಹೊಸ ಎಣ್ಣೆ ಸುರಿದೆ, ಎಣ್ಣೆ ಅಳೆಯುವ ಕಡ್ಡಿ ತೆಗೆದು ತೋರಿಸಿದೆ. ತಲೆಯಾಡಿಸಿದರು. ಅಡುಗೆಮನೆಯಿಂದ ಕೀ ತಂದು ಬಟನ್ ಒತ್ತಿ, ಓಡಿಬಂದು ಬಗ್ಗಿ ನೋಡಿದೆ. ಒಂದು ಹನಿಯೂ ಇಲ್ಲ.

"ನೋಡಿ, ಲೀಕಿಲ್ಲ!"

"ಎಂಜಿನ್ ಎಲ್ಲಿ ಶುರುವಾಗಿದೆ?" ಅಂದರು. "ಬರೀ ದೀಪ ಹೊತ್ತಿದೆ. ಬ್ಯಾಟರಿ ತುಂಬಿದೆ, ಅದಕ್ಕೆ ಎಂಜಿನ್ ಬೇಡ. ಹೀಟರ್ ಫುಲ್ ಇಡು, ಆಗ ಬೇಕಾಗ್ತದೆ."

ಈ ದೇಶದಲ್ಲಿ ಕಾರಿನ ಹೀಟರ್ ಹಾಕಿದವರನ್ನು ನಾನು ಕಂಡಿರಲಿಲ್ಲ. ಒಳಗೆ ಕೂತು ಹುಡುಕಿ ಹಾಕಿದೆ, ಮತ್ತೆ ಹೊರಗೆ ಬಂದು ಬಗ್ಗಿದೆ. ಕೆಲವು ಕ್ಷಣ ಕಳೆದು ಎಂಜಿನ್ ಒಮ್ಮೆಲೇ ಗುಡುಗಿತು. ಅದರ ಜೊತೆಗೇ ಫಿಲ್ಟರಿನ ಸುತ್ತಲಿಂದ ಎಣ್ಣೆ ಚಿಮ್ಮಿತು. ಹನಿಯಲ್ಲ, ಧಾರೆ. ರಟ್ಟು ದಾಟಿ, ಬೆಡ್‌ಶೀಟು ದಾಟಿ, ಅಜ್ಜನ ಹೊಸ ಟೈಲ್ಸಿನ ಮೇಲೆ ಹರಿಯಿತು.

"ಆಫ್! ಆಫ್ ಮಾಡು!" ಇವರು ಕೂಗಿ ಕುರ್ಚಿಯಿಂದ ಎದ್ದೇಬಿಟ್ಟರು. ನಾನು ಜಾರುತ್ತ ಓಡಿ ಬಟನ್ ಒತ್ತಿದೆ. ತಿರುಗಿ ನೋಡಿದರೆ ಇವರು ಒಂದು ಕೈಯನ್ನು ಕಂಬಕ್ಕೆ, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದರು.

"ನೋವಾಯಿತಾ?"

"ಇಲ್ಲ. ಹೆದರಿಕೆಯಾಯಿತು, ಅಷ್ಟೇ. ನೀನು ನೋಡು, ಫಿಲ್ಟರ್ ಬಿಚ್ಚಿ ನೋಡು."

ಮತ್ತೆ ಅಡಿಗೆ ಹೋದೆ. ಫಿಲ್ಟರ್ ಬಿಚ್ಚಿದಾಗ ಅದರ ರಿಂಗು ಅದರಲ್ಲೇ ಇತ್ತು. ಆದರೆ ಅದು ಕೂರುವ ಜಾಗದಲ್ಲಿ, ಎಂಜಿನ್ನಿಗೆ ಅಂಟಿಕೊಂಡು, ಇನ್ನೊಂದು ಕಪ್ಪು ರಿಂಗು. ಹಳೆಯ ಫಿಲ್ಟರಿನದು. ಅದನ್ನು ಬಿಡಿಸದೆ ಅದರ ಮೇಲೆಯೇ ಹೊಸತನ್ನು ಕೂರಿಸಿದ್ದೆ. ಉಗುರಿನಿಂದ ಎಬ್ಬಿಸಿ ತೆಗೆದು, ಹೊರಗೆ ಬಂದು, ಅವರ ಕೈಯಲ್ಲಿಟ್ಟೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ.

ಇವರು ಬಹಳ ಹೊತ್ತು ಆ ರಿಂಗನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಿನ್ನ ತಪ್ಪಲ್ಲ," ಅಂದರು. "ನಾನು ಹೇಳಬೇಕಿತ್ತು. ಫಿಲ್ಟರ್ ತೆಗೆದ ಕೂಡಲೇ ನನ್ನ ಬೆರಳು ಅಲ್ಲಿಗೆ ಹೋಗ್ತದೆ, ರಿಂಗು ಉಂಟಾ ಅಂತ ಒಮ್ಮೆ ಸವರಿ ನೋಡ್ತದೆ. ಪ್ರತಿ ಸಲ. ಆದರೆ ಹಾಗೆ ಮಾಡ್ತೇನೆ ಅಂತ ನನಗೇ ಗೊತ್ತಿರಲಿಲ್ಲ ನೋಡು. ಗೊತ್ತಿಲ್ಲದ್ದನ್ನು ಹೇಳುದು ಹೇಗೆ?"

ಅಷ್ಟರಲ್ಲಿ ಮೇಲಿನ ಅಜ್ಜ ಇಳಿದು ಬಂದರು. ಕೂಗು ಕೇಳಿಸಿತ್ತು. ಟೈಲ್ಸು ನೋಡಿದರು, ನನ್ನ ಅಂಗಿ ನೋಡಿದರು, ಇವರ ಮುಖ ನೋಡಿದರು. ನಾನು ಹಿಂದಿಯಲ್ಲಿ ಕ್ಷಮೆ ಕೇಳಲು ಶುರು ಮಾಡಿದೆ. "ಶ್ವಯ್ ಶ್ವಯ್," ಅಂದರು, ನಿಧಾನ ನಿಧಾನ. ನಂತರ ಅರಬ್ಬಿ ಬೆರೆಸಿದ ಹಿಂದಿಯಲ್ಲಿ, "ಮೊದಲು ಅವರನ್ನು ಕೂರಿಸು. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ," ಅಂದರು. ಗೇಟಿನ ಮೂಲೆಯಲ್ಲಿ ಟೈಲ್ಸ್ ಕೆಲಸದಲ್ಲಿ ಉಳಿದ ಮರಳಿನ ಚೀಲವಿತ್ತು. ನಾನು ಎಳೆದು ತರುವ ಮೊದಲೇ ಅವರು ಬಕೆಟ್ಟಿನಲ್ಲಿ ತುಂಬಿ ತಂದು ಎಣ್ಣೆಯ ಮೇಲೆ ಸುರಿದರು. ಇಬ್ಬರೂ ಸೇರಿ ಪೊರಕೆಯಿಂದ ಗುಡಿಸಿದೆವು. ಮೂರು ಸಲ ಸುರಿದು ಮೂರು ಸಲ ಗುಡಿಸಿದ ಮೇಲೆ ಒಂದು ಮಸುಕು ಕಲೆ ಉಳಿಯಿತು. ಅದನ್ನು ಕಾಲಿನಿಂದ ಉಜ್ಜಿ ನೋಡಿ, "ಖಲಾಸ್," ಎಂದು ಅಜ್ಜ ಮೇಲೆ ಹೋದರು.

ಎರಡನೆಯ ಸಲ ಇವರು ಹೇಳಿಕೊಟ್ಟ ರೀತಿಯೇ ಬೇರೆ. ಕಣ್ಣು ಮುಚ್ಚಿ ಕೂತು, ಕೈಗಳನ್ನು ಮುಂದಕ್ಕೆ ಚಾಚಿ, ಫಿಲ್ಟರ್ ಹಿಡಿದ ಹಾಗೆ ಬೆರಳು ಮಡಚಿ, ಆ ಬೆರಳುಗಳು ಮಾಡುವುದನ್ನು ಒಂದೊಂದಾಗಿ ಬಾಯಲ್ಲಿ ಹೇಳುತ್ತ ಹೋದರು. "ಬಟ್ಟೆಯಲ್ಲಿ ಒರೆಸು. ಈಗ ಬೆರಳು ಸುತ್ತ ಆಡಿಸು. ನುಣ್ಣಗೆ ಉಂಟಾ? ಈಗ ಕೂರಿಸು. ರಬ್ಬರು ತಾಗಿದ್ದು ಗೊತ್ತಾಗ್ತದೆ, ಸ್ವಲ್ಪ ತಡೆದ ಹಾಗೆ. ತಾಗಿತಾ? ಅಲ್ಲಿಂದ ಮುಕ್ಕಾಲು ಸುತ್ತು. ಸಾಕು." ನಾನು ಅಡಿಯಲ್ಲಿ ಅವರ ದನಿ ಕೇಳಿಸಿಕೊಂಡು ಹಾಗೆಯೇ ಮಾಡಿದೆ. ಇವರು ಯಾವಾಗಲೂ ಒಂದು ಡಬ್ಬ ಎಣ್ಣೆ ಹೆಚ್ಚಿಗೆ ತಂದಿಡುವವರು, ಅದು ಒದಗಿತು. ಹೀಟರ್ ಹಾಕಿದೆವು, ಎಂಜಿನ್ ಶುರುವಾಯಿತು. ಐದು ನಿಮಿಷ ಓಡಿತು. ಅಡಿಯಲ್ಲಿ ಹಾಸಿದ ಹೊಸ ರಟ್ಟು ಒಣಗಿಯೇ ಇತ್ತು.

ಸ್ನಾನ ಮಾಡಿ ಬಂದಾಗ ಮಧ್ಯಾಹ್ನದ ನಮಾಜು ಮುಗಿದು ರಸ್ತೆಯಲ್ಲಿ ಕಾರುಗಳ ಸದ್ದು. ಇವರು ಊಟದ ಮೇಜಿನಲ್ಲಿ ಆ ಹಳೆಯ ರಿಂಗು ಇಟ್ಟುಕೊಂಡು ಕೂತಿದ್ದರು. "ನಾನು ಪಂಪಿನ ಸೀಲು ಬದಲಿಸುದು ಹೇಗೆ ಅಂತ ಹೇಳ್ತೇನೆ," ಅಂದರು. "ನಿನಗೆ ಅರ್ಥವಾಗದ ಕಡೆ ತಡಿ. ನಿನಗೆ ಎಂತದೂ ಗೊತ್ತಿಲ್ಲ ಅಂತ ತಿಳ್ಕೊ."

"ಅದಕ್ಕೆ ಕಷ್ಟ ಪಡಬೇಕಾಗಿಲ್ಲ," ಅಂದೆ. ನಗಲಿಲ್ಲ ಅವರು, ಆಗಲೇ ಶುರು ಮಾಡಿದ್ದರು. ಮೊದಲ ಅರ್ಧ ತಾಸಿನಲ್ಲಿ ನಾನು ಹನ್ನೆರಡು ಸಲವಾದರೂ ತಡೆದಿರಬೇಕು. ಪ್ರತಿ ಸಲ ಇವರು ಕಣ್ಣು ಮುಚ್ಚಿ, ಬೆರಳಾಡಿಸಿ, ಬಿಟ್ಟುಹೋದದ್ದನ್ನು ಹುಡುಕಿ ತಂದರು.

ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಆವತ್ತೇ ಆಫೀಸಿನಲ್ಲಿ ಕಲಿಸಲು ಒಪ್ಪಿಕೊಂಡರು. ಮೊದಲ ಕ್ಲಾಸಿನ ದಿನ ಬೆಳಿಗ್ಗೆ ಎರಡು ಅಂಗಿ ಬದಲಿಸಿದರು. ಸಂಜೆ ಬಂದು, "ಒಬ್ಬ ನಿದ್ದೆ ಮಾಡಿದ," ಎಂದಷ್ಟೇ ಹೇಳಿದರು. ಮುಂದಿನ ವಾರಕ್ಕೆ ಯಾರೂ ನಿದ್ದೆ ಮಾಡಲಿಲ್ಲವಂತೆ.

ಕಾರಿನಿಂದ ಇಳಿಸಿದ ಹಳೆಯ ಎಣ್ಣೆಯ ಸ್ವಲ್ಪ ಭಾಗವನ್ನು ನಾನು ಪುಟ್ಟ ಬಾಟಲಿಯಲ್ಲಿ ಲ್ಯಾಬಿಗೆ ಒಯ್ದು ನೋಡಿದೆ. ಮೂಗು ಹೇಳಿದ್ದು ಸರಿಯಿತ್ತು. ಎಂಜಿನ್ನಿಗೆ ವಾರಕ್ಕೊಮ್ಮೆಯಾದರೂ ಉದ್ದದ ಓಟ ಬೇಕು ಎಂದೆ. ಹಾಗಾಗಿ ಈಗ ಶುಕ್ರವಾರ ಬೆಳಿಗ್ಗೆ ದ್ವೀಪದ ತೆಂಕು ತುದಿಯವರೆಗೆ ಹೋಗಿ ಬರುತ್ತೇವೆ. ನಾನು ಓಡಿಸುತ್ತೇನೆ, ಇವರು ಪಕ್ಕದಲ್ಲಿ ಸೀಟು ಸ್ವಲ್ಪ ಹಿಂದಕ್ಕೆ ಮಾಡಿ ಕೂರುತ್ತಾರೆ. ದಾರಿಯ ಎರಡೂ ಬದಿಯ ಮರಳಿನಲ್ಲಿ ಎಣ್ಣೆ ಬಾವಿಯ ಪಂಪುಗಳು ತಲೆ ಮೇಲೆ ಕೆಳಗೆ ಮಾಡುತ್ತಿರುತ್ತವೆ.

ಮೊನ್ನೆ ಹೋಗುವಾಗ ಹೇಳಿದರು, ಕ್ಲಾಸಿನಲ್ಲಿ ಒಬ್ಬ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ ಎಂದು.

"ಎಂತ ಹೇಳಿದಿರಿ?"

"ಗೊತ್ತಿಲ್ಲ, ನೋಡಿ ಹೇಳ್ತೇನೆ ಅಂದೆ. ಭಾನುವಾರ ಹೋಗಿ ಆ ಪಂಪು ಬಿಚ್ಚಿಸಿ ನೋಡಬೇಕು."

ಸಮುದ್ರ ಕಂಡಲ್ಲಿ ಕಾರು ನಿಲ್ಲಿಸಿದೆ. ಗಾಳಿ ಜೋರಿತ್ತು. ಇವರು ಬಾಗಿಲು ಹಿಡಿದು ನಿಧಾನವಾಗಿ ಇಳಿದರು, ನೀರಿನ ಅಂಚಿನವರೆಗೆ ಒಟ್ಟಿಗೆ ನಡೆದು ಹೋದೆವು.