ಸೊನ್ನೆಯ ಎರಡು ಗೆರೆ

ಮುಳ್ಳಕ್ಕ ಎಂಬ ಹೆಸರು ಅವಳಿಗೆ ಕೈಯಿಂದ ಬಂತೋ ನಾಲಿಗೆಯಿಂದ ಬಂತೋ ಎಂಬುದರಲ್ಲಿ ಬೀದಿಯವರಿಗೆ ಒಮ್ಮತವಿರಲಿಲ್ಲ. ಗಡಿಯಾರದ ಮುಳ್ಳು, ಸ್ಪೀಡಿನ ಮುಳ್ಳು, ಪೆಟ್ರೋಲಿನ ಮುಳ್ಳು, ದುಂಡು ಮುಖದ ಮೇಲೆ ತಿರುಗುವ ಯಾವ ಮುಳ್ಳು ಕೆಟ್ಟರೂ ಅವಳ ಅಂಗಡಿಗೇ ಬರಬೇಕು. ಬಂದವರು "ನಾಳೆ ಸಿಗತ್ತಾ ಅಕ್ಕಾ?" ಎಂದರೆ, "ನಾಳೆ ನಾನೇ ಸಿಗ್ತೀನೋ ಇಲ್ವೋ, ನಿಮ್ಮ ಗಡಿಯಾರದ ಮಾತು ಹಾಗಿರ್ಲಿ" ಎನ್ನುವಳು. ವಯಸ್ಸು ಐವತ್ತೆರಡು. ಬಲಗಣ್ಣಿಗೆ ಕನ್ನಡಕದಂತೆ ಸಿಕ್ಕಿಸಿಕೊಳ್ಳುವ ಭೂತಗಾಜಿನಿಂದ ಹುಬ್ಬಿನ ಕೆಳಗೆ ಒಂದು ಗೆರೆ ಶಾಶ್ವತವಾಗಿ ಬಿದ್ದಿತ್ತು.

ಅಂಗಡಿ ಎಂದರೆ ಬೀದಿಯಿಂದ ಒಂದೇ ಮೆಟ್ಟಿಲು ಮೇಲಿನ ಕೋಣೆ. ಕಿಟಕಿಯ ಕೆಳಗೆ ಮೇಜು. ಕೂದಲಿನಷ್ಟು ಸಣ್ಣ ತಿರುಪು ಉರುಳಿ ಹೋಗದಿರಲೆಂದು ಮೇಜಿನ ಸುತ್ತ ಎತ್ತರದ ಅಂಚು. ಹಿಂದೆ ಒಂದು ಪರದೆ, ಪರದೆಯಾಚೆ ಅಪ್ಪನ ಮಂಚ, ಕುರ್ಚಿ, ರೇಡಿಯೋ. ಆ ಮೇಜು ಅಪ್ಪ ಮಾಡಿಸಿದ್ದು, ಆ ಕೆಲಸ ಅಪ್ಪ ಕಲಿಸಿದ್ದು. ಒಂಬತ್ತು ವರ್ಷದ ಹಿಂದೆ ಅಪ್ಪನ ಕೈಯಿಂದ ಚಿಮುಟ ತೆಗೆದುಕೊಂಡು, "ಸಾಕಪ್ಪಾ, ಇನ್ನು ನೀನು ಒಳಗೆ ಕೂತ್ಕೋ" ಎಂದವಳು ಮಾತ್ರ ಅವಳು.

ಅದಕ್ಕೆ ಕಾರಣ ಪ್ರೆಸ್ಸಿನ ಯಜಮಾನರ ಕಾರು. ಮದುವೆ ಕಾಗದ, ಶಾಲೆಯ ವರದಿಪುಸ್ತಕ ಅಚ್ಚು ಹಾಕಿಕೊಂಡಿದ್ದ ಅವರಿಗೆ ತಮ್ಮ ತಂದೆಯಿಂದ ಬಂದ ಒಂದು ಮುದಿ ಕಾರಿತ್ತು. ಗುಂಡು ದೀಪ, ಉಬ್ಬಿದ ಬೆನ್ನು, ಬಾಗಿಲು ಹಾಕಿದರೆ ಬೀರು ಮುಚ್ಚಿದ ಸದ್ದು. ಅದರ ಪೆಟ್ರೋಲ್ ಮೀಟರನ್ನು ಅಪ್ಪ ರಿಪೇರಿ ಮಾಡಿಕೊಟ್ಟ ತಿಂಗಳೊಪ್ಪತ್ತಿಗೆ ಯಜಮಾನರು ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದರು. "ಮುಳ್ಳು ಸೊನ್ನೆಗೆ ಬಂದು ಮಲಗಿದ್ರೂ ನನ್ನ ಗಾಡಿ ಓಡ್ತಾನೇ ಇದೆ! ಗಾಳಿ ಕುಡಿದು ಓಡತ್ತೆ ಅಂತ ಕಾಣ್ಸತ್ತೆ!"

ಅವಳಿಗೆ ಆ ನಗು ಚುಚ್ಚಿತು. ಆಗಲೇ ಅಪ್ಪ ಸೂಜಿಗೆ ದಾರ ಪೋಣಿಸಲು ಎರಡು ಸಲ ತಡವರಿಸುತ್ತಿದ್ದ. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗಲೇ ಸೊನ್ನೆ ತೋರಿಸುವ ಮೀಟರು ಎಂದರೆ ಕಣ್ಣು ಕೈಕೊಟ್ಟಿದೆ ಎಂದೇ ಅರ್ಥ. ಅದನ್ನು ಸರಿಮಾಡುತ್ತೇನೆ ಎಂದರೆ ಅಪ್ಪ "ಇರ್ಲಿ ಬಿಡು, ಅದು ಹಾಗೇ ಇರ್ಲಿ" ಎಂದ. ತಪ್ಪು ಮುಚ್ಚಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಆ ಸಂಜೆಯೇ ಚಿಮುಟ ಕೈ ಬದಲಾಯಿತು. ಅಪ್ಪ ಎದ್ದು ಪರದೆಯಾಚೆ ಹೋದ. ಸರಿಯಾದದ್ದನ್ನೇ ಮಾಡಿದೆ ಎಂದು ಅವಳು ಒಂಬತ್ತು ವರ್ಷ ತನಗೆ ತಾನೇ ಹೇಳಿಕೊಂಡಳು. ಸರಿ ಎಂದು ಖಾತ್ರಿಯಿದ್ದವರು ಅಷ್ಟು ಸಲ ಹೇಳಿಕೊಳ್ಳುವುದಿಲ್ಲ.

ಈಗ ಅದೇ ಕಾರಿನ ಮೀಟರು ಮತ್ತೆ ಬಂತು. ಟ್ಯಾಂಕು ತುಂಬಿಸಿದರೂ ಮುಳ್ಳು ಏಳುತ್ತಿಲ್ಲ ಎಂದು ಗ್ಯಾರೇಜಿನವನು ಟ್ಯಾಂಕಿನೊಳಗಿನ ಫ್ಲೋಟನ್ನು ಬಿಚ್ಚಿ ತಂದುಕೊಟ್ಟ. ಅಂಗೈಯಗಲದ ತಟ್ಟೆ, ಅದರಿಂದ ಹೊರಟ ಗೇಣುದ್ದದ ಕಡ್ಡಿ, ಕಡ್ಡಿಯ ತುದಿಗೆ ನಿಂಬೆಹಣ್ಣಿನಷ್ಟು ಹಿತ್ತಾಳೆ ಗುಂಡು. ಗುಂಡು ಪೆಟ್ರೋಲಿನ ಮೇಲೆ ತೇಲಬೇಕು. ಅದು ಏರಿಳಿದಂತೆ ಮುಂದುಗಡೆ ಮೀಟರಿನ ಮುಳ್ಳು ಏರಿಳಿಯಬೇಕು. ಅವಳು ಗುಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕುಲುಕಿತು.

"ಹೊಟ್ಟೆ ತುಂಬ ಕುಡಿದು ಮುಳುಗಿದೀಯಲ್ಲೋ" ಎಂದಳು ಗುಂಡಿಗೆ.

ಬಿಸಿನೀರಿನಲ್ಲಿ ಅದ್ದಿದಾಗ ಸೂಜಿಮೊನೆಯಷ್ಟು ಜಾಗದಿಂದ ಗುಳ್ಳೆಗಳ ಸರ ಎದ್ದಿತು. ಅಲ್ಲಿ ಗುರುತು ಹಾಕಿ, ಒಳಗಿನ ಪೆಟ್ರೋಲನ್ನು ಹನಿಹನಿಯಾಗಿ ಹೊರತೆಗೆದು, ವಾಸನೆ ಪೂರ್ತಿ ಹೋಗುವ ತನಕ ಎರಡು ದಿನ ಕಿಟಕಿಯಲ್ಲಿ ಗಾಳಿಗಿಟ್ಟು, ಮೂರನೆಯ ದಿನ ಬೆಸುಗೆ ಹಾಕಿದಳು. ಆಮೇಲೆ ತಟ್ಟೆಯನ್ನು ಒರೆಸುವಾಗ ಕಂಡಿತು: ಅಪ್ಪ ಮುಟ್ಟಿದ ಪ್ರತಿ ವಸ್ತುವಿನೊಳಗೂ ಗೀರುತ್ತಿದ್ದ ಅಕ್ಕಿಕಾಳಿನಂಥ ಗುರುತು, ಅದರ ಪಕ್ಕ ಎರಡು ಗೆರೆ. ಸೊನ್ನೆಯಾದಾಗ ಕಡ್ಡಿ ಎಲ್ಲಿಗೆ ಬರಬೇಕೆಂದು ತೋರಿಸಲು ಒಂದು ಗೆರೆ ಸಾಕು. ಇಲ್ಲಿ ಕೆಳಗೊಂದು, ಮೇಲೊಂದು. ಕಡ್ಡಿಯನ್ನು ಮೇಲಿನ ಗೆರೆಗೆ ಸರಿಯಾಗಿ ಬಗ್ಗಿಸಿದ್ದ. ಪಾಪ, ಗೆರೆ ಎಳೆಯಲೂ ಕೈ ನಿಲ್ಲದೆ ಎರಡು ಸಲ ಎಳೆದಿದ್ದಾನೆ ಎಂದುಕೊಂಡಳು. ಮೆತ್ತಗೆ ಇಕ್ಕಳದಲ್ಲಿ ಹಿಡಿದು ಕಡ್ಡಿಯನ್ನು ಕೆಳಗಿನ ಗೆರೆಗೆ ತಂದಳು.

ಕಾರು ಸಿದ್ಧವಾದ ದಿನ ಯಜಮಾನರು ಅಂಗಡಿಗೇ ಬಂದರು. "ಏನಮ್ಮಾ, ಸರಿಹೋಯ್ತಾ?"

"ಈಗ ನೋಡಿ ಸಾರ್, ಹನಿ ಲೆಕ್ಕಕ್ಕೆ ತೋರಿಸತ್ತೆ. ಹಿಂದಿನ ಸಲ ಅಪ್ಪಂದು ಸ್ವಲ್ಪ ತಪ್ಪಾಗಿತ್ತು. ವಯಸ್ಸಾಗಿತ್ತಲ್ಲ."

ಪರದೆಯಾಚೆ ರೇಡಿಯೋ ಸದ್ದು ನಿಂತಿತು. ಅಪ್ಪನಿಗೆ ಕೇಳಿಸಿತೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗದವಳಂತೆ ಮೇಜು ಒರೆಸಿದಳು.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬಂದು ನಿಂತವರು ಯಜಮಾನರ ಹೆಂಡತಿ. ಚಪ್ಪಲಿಯಿಂದ ಹಿಮ್ಮಡಿಯವರೆಗೂ ಧೂಳು, ಕೈಯಲ್ಲಿ ಬಟ್ಟೆಯ ಚೀಲ. ಕೂತವರೇ ಕೇಳಿದರು: "ಏನ್ ತಾಯಿ, ಆ ಮುಳ್ಳನ್ನ ನೆಟ್ಟಗೆ ಮಾಡ್ಬಿಟ್ಯಾ?"

"ಹೌದಮ್ಮಾ. ಯಾಕೆ?"

"ನೀನು ನೆಟ್ಟಗೆ ಮಾಡ್ದೆ, ಗಾಡಿ ಸೇತುವೆ ಮೇಲೆ ನೆಟ್ಟಗೆ ನಿಂತ್ಕೊಳ್ತು. ಸೊನ್ನೆ ಆದ್ಮೇಲೂ ಓಡತ್ತೆ ಅಂತ ಇವರ ಹಮ್ಮು. ಹಿಂದೆ ಮುಂದೆ ಲಾರಿಗಳ ಹಾರನ್ನು. ಇಳಿದು ನಾನೂ ತಳ್ಳಿದೆ, ಈ ವಯಸ್ಸಲ್ಲಿ!"

"ಅದು ಮೀಟರಿನ ತಪ್ಪಲ್ಲಮ್ಮ. ಈಗ ಅದು ಸರಿಯಾಗಿದೆ. ತಪ್ಪಿದ್ದದ್ದು ಮೊದಲು."

"ಮೊದಲು ತಪ್ಪಿರಲಿಲ್ಲ ಕಣೇ. ನಾನೇ ಹೇಳಿ ಮಾಡಿಸಿದ್ದು."

ಮುಳ್ಳಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

ಅವರು ದನಿ ತಗ್ಗಿಸಿದರು. "ಒಂಬತ್ತು ವರ್ಷದ ಹಿಂದೆ ನಮ್ಮಮ್ಮನಿಗೆ ಮೇಲುಸಿರು ಹತ್ಕೊಂಡಿದೆ ಅಂತ ಸುದ್ದಿ ಬಂದ ದಿನ ಹೊರಟ್ವಿ. ಸೊನ್ನೆ ಮುಟ್ಟೋ ತನಕ ಬಂಕಿಗೆ ಹೋಗೋ ಜಾಯಮಾನ ಅಲ್ಲ ಇವರದು. ನಡುದಾರೀಲಿ ನಿಂತ್ವಿ. ನಾನು ಹೋಗೋಷ್ಟರಲ್ಲಿ ಅಮ್ಮ ಇರಲಿಲ್ಲ. ಇವರನ್ನ ಒಂದು ಮಾತು ಅಂದಿಲ್ಲ ನಾನು. ಅಂದ್ರೆ ಜೀವ ಇರೋವರೆಗೂ ಅದನ್ನೇ ಹೊತ್ಕೊಂಡು ತಿರುಗೋ ಮನುಷ್ಯ. ಅದಕ್ಕೆ ಇವರಿಗೆ ಬುದ್ಧಿ ಹೇಳೋ ಬದಲು ಮುಳ್ಳಿಗೇ ಹೇಳ್ಕೊಡೋಣ ಅಂತ ನಿಮ್ಮಪ್ಪನ ಹತ್ರ ಬಂದೆ. ಒಂದಷ್ಟು ಪೆಟ್ರೋಲ್ ಮಿಕ್ಕಿರೋವಾಗಲೇ ಸೊನ್ನೆ ತೋರ್ಸೋ ಹಾಗೆ ಮಾಡ್ಕೊಡಿ, ಯಾರಿಗೂ ಹೇಳ್ಬೇಡಿ ಅಂದೆ."

"ನನಗೂನಾ?"

"ನಿನಗಂತೂ ಬೇಡವೇ ಬೇಡ ಅಂದಿದ್ದೆ. ಬೇಜಾರ್ ಮಾಡ್ಕೋಬೇಡ ತಾಯಿ, ನಿನ್ನ ನಾಲಿಗೆ ನಿನಗೇ ಗೊತ್ತಲ್ಲ."

ಅವರು ಚೀಲದಿಂದ ಫ್ಲೋಟನ್ನು ತೆಗೆದು ಮೇಜಿನ ಮೇಲಿಟ್ಟರು. ವಾಷರು ಸೋರುತ್ತಿದೆ ಎಂದು ಗ್ಯಾರೇಜಿನವನಿಗೆ ಸುಳ್ಳು ಹೇಳಿ ಬಿಚ್ಚಿಸಿಕೊಂಡು ಬಂದಿದ್ದರು. "ಮೊದಲಿದ್ದ ಹಾಗೇ ಮಾಡ್ಕೊಡು. ಸಾಯಂಕಾಲ ಬರ್ತೀನಿ" ಎಂದು ಮೆಟ್ಟಿಲಿಳಿದರು.

ಅವಳು ಭೂತಗಾಜು ಸಿಕ್ಕಿಸಿಕೊಂಡು ಗೆರೆಗಳನ್ನು ಮತ್ತೊಮ್ಮೆ ನೋಡಿದಳು. ಎರಡೂ ಒಂದೇ ಒತ್ತು, ಒಂದೇ ಉದ್ದ, ಕೂದಲೆಳೆಯಷ್ಟೂ ಅಲುಗಾಟವಿಲ್ಲ. ಕೆಳಗಿನದು ಟ್ಯಾಂಕಿನ ಸೊನ್ನೆ. ಮೇಲಿನದು ಆ ಹೆಂಗಸಿನ ಸೊನ್ನೆ. ಇಷ್ಟು ಹತ್ತಿರದಿಂದ ನೋಡಿಯೂ ತಾನು ಓದಿದ್ದು ತನಗೆ ಬೇಕಾದದ್ದನ್ನೇ.

ಫ್ಲೋಟು, ಇಕ್ಕಳ ಹಿಡಿದು ಪರದೆ ಸರಿಸಿ ಒಳಗೆ ಹೋದಳು. ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಯಾಕಪ್ಪಾ ಹೇಳ್ಲಿಲ್ಲ?"

"ಮಾತು ಕೊಟ್ಟಿದ್ದೆ."

"ನಾನು ಚಿಮುಟ ಕಿತ್ಕೊಂಡಾಗಲೂ?"

"ನೀನು ಕಿತ್ಕೊಂಡೆ ಅಂತ ಕೊಟ್ಟ ಮಾತು ವಾಪಸ್ ತಗೊಳ್ಳೋಕಾಗತ್ತಾ?" ಅಪ್ಪ ಕಣ್ಣು ತೆರೆದ. "ಒಂದೆರಡು ವರ್ಷ ಸಿಟ್ಟಿತ್ತು ನಿನ್ನ ಮೇಲೆ. ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನಿನ್ನ ಕೆಲಸದ ಸದ್ದು ಕೇಳ್ತಾ ಕೇಳ್ತಾ ಇಳೀತು."

ಅವಳು ನೆಲದ ಮೇಲೆ ಕೂತಳು. ಇಕ್ಕಳವನ್ನು ಅವನ ಮಡಿಲಲ್ಲಿಟ್ಟು, "ನೀನೇ ಬಗ್ಗಿಸು" ಎಂದಳು.

ಅಪ್ಪ ಇಕ್ಕಳ ಎತ್ತಿಕೊಂಡ. ಅದರ ಮೂತಿ ಗಾಳಿಯಲ್ಲಿ ಅತ್ತಿತ್ತ ಆಡಿತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡರೂ ನಿಲ್ಲಲಿಲ್ಲ.

"ಆಗ ನಡುಗ್ತಿರಲಿಲ್ಲ ಪುಟ್ಟೀ" ಎಂದ. "ಈಗ ನಡುಗತ್ತೆ."

ಕ್ಷಮಿಸು ಎಂಬ ಮಾತು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ಅದನ್ನು ಎಲ್ಲಿಂದ ಶುರುಮಾಡಬೇಕೆಂದೂ ಅವಳಿಗೆ ತಿಳಿಯದು. ಎದ್ದು ಹೋಗಿ ಸ್ಟೂಲು ತಂದಳು, ಬ್ಯಾಟರಿ ತಂದಳು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಮೀಟರು ತಂದು ತಂತಿ ಜೋಡಿಸಿ ಅಪ್ಪನ ಕಣ್ಣಳತೆಯಲ್ಲಿ ನಿಲ್ಲಿಸಿದಳು. ಪರದೆಯನ್ನು ಪೂರ್ತಿ ಮೇಲೆತ್ತಿ ಕಟ್ಟಿದಳು. ಕಿಟಕಿಯ ಬೆಳಕು ಒಳಗಿನವರೆಗೂ ಬಂತು.

"ಹೇಳು" ಎಂದಳು.

"ಬುಡದ ಹತ್ರ ಹಿಡಿ. ಅಲ್ಲಲ್ಲ, ಇನ್ನೂ ಬುಡಕ್ಕೆ. ತುದೀಲಿ ಬಗ್ಗಿಸಿದ್ರೆ ಗುಂಡು ಟ್ಯಾಂಕಿಗೆ ತಾಗತ್ತೆ. ಹಾಂ. ಮೆತ್ತಗೆ."

"ಸಾಕಾ?"

"ಜಾಸ್ತಿ ಆಯ್ತು. ಎಷ್ಟು ಒರಟು ಕೈಯೇ ನಿಂದು! ಯಾರು ಕಲಿಸಿದ್ದು ನಿನಗೆ?"

"ಯಾರೋ ಒಬ್ಬ ಮುದುಕ" ಎಂದಳು. ಅಪ್ಪ ಮೂಗಿನಲ್ಲಿ ನಕ್ಕ. ಮುಖ ಮಾತ್ರ ಮೀಟರಿನಿಂದ ಆಚೀಚೆ ತಿರುಗಲಿಲ್ಲ.

ಹೊರಗೆ ಯಾರೋ ಮೆಟ್ಟಿಲು ಹತ್ತಿದರು. ಮೇಜಿನ ಮೇಲೆ ಗಡಿಯಾರವನ್ನೋ ಏನನ್ನೋ ಇಟ್ಟ ಸದ್ದು. "ಅಕ್ಕಾ, ಯಾರೂ ಇಲ್ವಾ?"

ಅವಳು ಇಕ್ಕಳ ಬಿಡಲಿಲ್ಲ, ತಲೆಯೂ ಎತ್ತಲಿಲ್ಲ.

"ಅಪ್ಪ ಕೆಲಸದಲ್ಲಿದಾರೆ" ಎಂದು ಕೂಗಿ ಹೇಳಿದಳು. "ಸ್ವಲ್ಪ ಹೊತ್ತು ಬಿಟ್ಟು ಬನ್ನಿ."