ಹಿಂದೆಮುಂದಾದ ರೀಲುಗಳು

ಅವರ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಮೈಸೂರಿನ ಟಾಕೀಸೊಂದರಲ್ಲಿ ಆಪರೇಟರಾಗಿದ್ದಾಗ ಪ್ರೊಜೆಕ್ಟರಿನೊಳಗೆ ಬೆಳಕಿಗಾಗಿ ಉರಿಸುವ ಕಾರ್ಬನ್ ಕಡ್ಡಿಯ ಕಿಡಿ ಹಾರಿ ಸುಟ್ಟದ್ದು, ಮತ್ತೆ ಬೆಳೆಯಲೇ ಇಲ್ಲ. ಹಾಗಾಗಿ ಸುಮ್ಮನೆ ನೋಡಿದರೂ ಏನೋ ಅನುಮಾನ ಪಡುತ್ತಿರುವಂತೆ ಕಾಣುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ, ನ್ಯೂಜೆರ್ಸಿಯಲ್ಲಿ ಡಾಕ್ಟರಾಗಿದ್ದ ಒಬ್ಬಳೇ ಮಗಳು ಅವರನ್ನು ಅಲ್ಲಿನ ಪಿಸ್ಕಾಟವೇ ಎಂಬ ಊರಿಗೆ ಕರೆಸಿಕೊಂಡಿದ್ದಳು. ಎಪ್ಪತ್ತರ ದಶಕದ ನಡುವಿನ ವರ್ಷಗಳವು. ನಾನು ಅಲ್ಲಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೆ. ಅವರ ಮನೆಯ ಹುಳಿ ಅನ್ನಕ್ಕೆ ತಪ್ಪದೆ ಹಾಜರಿ ಹಾಕುವ ಗಿರಾಕಿ. ಮಗಳನ್ನು ಅಕ್ಕ ಎನ್ನುತ್ತಿದ್ದೆ, ಅವರನ್ನು ಆಪರೇಟರ್ ಅಂಕಲ್.

ಅಕ್ಕ ಕೆಲಸಕ್ಕೆ ಹೋದರೆ ಅಂಕಲ್‌ಗೆ ಕಿಟಕಿಯೇ ಗತಿ. ಹೊರಗೆ ಕಾರು ಬಿಟ್ಟರೆ ನರಪಿಳ್ಳೆ ಇಲ್ಲ. ಅವರ ಮಂಕು ಮುಖ ನೋಡಲಾಗದೆ ನಮ್ಮ ಕ್ಯಾಂಪಸ್ಸಿನ ಫಿಲ್ಮ್ ಕ್ಲಬ್ಬಿಗೆ ಎಳೆದುಕೊಂಡು ಹೋದೆ. ಪ್ರೊಜೆಕ್ಟರ್ ಮುಟ್ಟಿದ್ದೇ ತಡ, ಮನುಷ್ಯ ಬೇರೆಯೇ ಆದರು. ಶನಿವಾರದ ಮ್ಯಾಟಿನಿಗೆ ಮೊದಲು ಯಂತ್ರಕ್ಕೆ ಕುಂಕುಮ, ಊದುಬತ್ತಿ. ಒಳಗೆ ಯಾರೋ ಗಾಂಜಾ ಸೇದಿ ವಾಸನೆ ಮುಚ್ಚುತ್ತಿದ್ದಾರೆಂದು ತಿಳಿದು ಉದ್ದ ಕೂದಲಿನ ಹುಡುಗರು ಆಸೆಯಿಂದ ಇಣುಕುತ್ತಿದ್ದರು. ಸಿನಿಮಾ ಹೇಗಿತ್ತು ಅಂಕಲ್ ಎಂದರೆ, “ಬೆಳಕು ಹಾಕೋನು ಕಥೆ ಒಳಗೆ ಮುಳುಗಬಾರದು ಕಣಪ್ಪ, ಬೆಳಕು ಕೆಡತ್ತೆ” ಎನ್ನುತ್ತಿದ್ದರು.

ಒಂದು ಶನಿವಾರ ಇಟಲಿಯ ಕೊಲೆ ಸಿನಿಮಾ ಬಂತು. ಕಪ್ಪು ಗ್ಲೌಸು ತೊಟ್ಟ ಕೊಲೆಗಾರ, ಕೆಂಪು ಬೆಳಕಿನ ಬಂಗಲೆ, ಒಂದು ಬಾಗಿಲು ತೆರೆದರೆ ಇನ್ನೊಂದು ಬಾಗಿಲು, ಕಂಡದ್ದು ಕನಸೋ ನಿಜವೋ ತಿಳಿಯದೆ ಓಡುವ ಒಬ್ಬ ಹುಡುಗಿ. ಒಟ್ಟು ಮೂರು ರೀಲು. ಮೊದಲನೆಯದು ಮುಗಿಯಿತು. ಆಮೇಲೆ ಇದ್ದಕ್ಕಿದ್ದಂತೆ ಕೊಲೆಗಾರ ಸಿಕ್ಕಿಬಿದ್ದ, ಹುಡುಗಿ ಸತ್ತಳು, ತೆರೆಯ ಮೇಲೆ ಇಟಾಲಿಯನ್ ಭಾಷೆಯಲ್ಲಿ ‘ಮುಗಿಯಿತು’ ಎಂದೂ ಬಂತು. ಮರುಗಳಿಗೆ ಅದೇ ಹುಡುಗಿ ಗಟ್ಟಿಮುಟ್ಟಾಗಿ ಮೆಟ್ಟಿಲಿಳಿದು ಬಂದು ಕಾಫಿ ಕುಡಿದಳು. ಸಭೆಯಲ್ಲಿ ಯಾರೂ ಮಿಸುಕಲಿಲ್ಲ. ಎಲ್ಲ ಮುಗಿದ ಮೇಲೆ ಜೋರು ಚಪ್ಪಾಳೆ. ಒಬ್ಬ ಪ್ರೊಫೆಸರಂತೂ, ಕಾಲದ ಕಲ್ಪನೆಯನ್ನೇ ಒಡೆದು ಹಾಕಿದ ಚಿತ್ರವೆಂದು ಹೊಗಳಿದ್ದೇ ಹೊಗಳಿದ್ದು. ಏನೂ ಅರ್ಥವಾಗದಿದ್ದರೂ ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಪ್ರೊಜೆಕ್ಟರ್ ಬೂತಿಗೆ ಹೋದರೆ ಅಂಕಲ್ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

“ಎರಡನೇದರ ಬದಲು ಮೂರನೇದು ಹಾಕ್ಬಿಟ್ಟೆ ಕಣೋ. ಯಾರೂ ಬೈಯಲಿಲ್ವಾ?”

“ಇಲ್ಲ ಅಂಕಲ್. ಎಲ್ರಿಗೂ ತುಂಬಾ ಇಷ್ಟ ಆಗಿದೆ.”

“ನಮ್ಮೂರಲ್ಲಾಗಿದ್ರೆ ಸೀಟಿ ಹೊಡೆದು, ಕುರ್ಚಿ ಮುರಿದು ಹಾಕ್ತಿದ್ರು.” ಖಾಲಿ ಡಬ್ಬಿ ತಿರುಗಿಸಿ ಅದರ ಮೇಲಿನ ನಂಬರು ನೋಡಿದರು. “ಡಬ್ಬಿ ಕೈಯಲ್ಲೇ ಇತ್ತು. ಎರಡು ಅಂತ ಓದಿದೆ. ಆಮೇಲೆ ಏನು ಮಾಡಿದೆನೋ ಗೊತ್ತಿಲ್ಲ. ಮೊನ್ನೆ ಮನೆ ದಾರೀನೂ ಹೀಗೇ ಮರೆತುಹೋಗಿತ್ತು. ಮಗಳಿಗೆ ಹೇಳ್ಬೇಡ. ಇದನ್ನೂ ಬಿಡಿಸಿಬಿಡ್ತಾಳೆ.”

ಯಾರಾದರೂ ಒಬ್ಬರು ಎದ್ದು ನಿಂತು ಬೈದಿದ್ದರೆ ಅವರ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. ಅಷ್ಟು ಓದಿದವರ ನಡುವೆ ತಪ್ಪನ್ನು ತಪ್ಪೆನ್ನುವ ಒಬ್ಬ ಪುಣ್ಯಾತ್ಮನೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಹೇಳಲಾರದೆ, ಹೇಳದೆಯೂ ಇರಲಾರದೆ ಒದ್ದಾಡುತ್ತಿದ್ದೆ. ಒಂದು ದಿನ ಅಕ್ಕನೇ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಅಪ್ಪಂಗೆ ನೆನಪು ಹೋಗ್ತಿದೆ ಕಣೋ. ಇದಕ್ಕೆ ಟ್ರೀಟ್‌ಮೆಂಟ್ ಇಲ್ಲ. ನಂಗೆ ಗೊತ್ತಾಗಿದೆ ಅಂತ ಅವರಿಗೆ ಹೇಳ್ಬೇಡ.” ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅವರಿಬ್ಬರ ನಡುವೆ ಊಟಕ್ಕೆ ಕೂರುತ್ತಿದ್ದೆ. ಶನಿವಾರ ಡಬ್ಬಿಗಳನ್ನು ನಾನೇ ಒಂದೊಂದಾಗಿ ಎತ್ತಿಕೊಡುತ್ತಿದ್ದೆ. ಸ್ವಲ್ಪ ಕಾಲಕ್ಕೆ ಅದೂ ಸಾಲದಾಯಿತು. ಫಿಲ್ಮನ್ನು ಯಂತ್ರಕ್ಕೆ ಏರಿಸುವುದೇ ಆ ಕೈಗಳಿಗೆ ಮರೆತುಹೋಯಿತು.

ಆಮೇಲೆ ಅವರು ಹೆಂಡತಿಯನ್ನು ಕೇಳತೊಡಗಿದರು. ಸಿನಿಮಾಕ್ಕೆ ಬರ್ತೀನಿ ಅಂದಿದ್ದಳು, ಎಲ್ಲಿ? ಅಕ್ಕ ಸುಳ್ಳು ಹೇಳುವವಳಲ್ಲ. “ಅಮ್ಮ ಹೋಗಿ ವರ್ಷಗಳಾಯ್ತಪ್ಪ” ಎನ್ನುತ್ತಿದ್ದಳು. ಅಂಕಲ್ ಆಗತಾನೇ ಸುದ್ದಿ ಬಂದವರಂತೆ ಎದೆ ಹಿಡಿದುಕೊಂಡು ಅಳುತ್ತಿದ್ದರು. ಮರುದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು.

“ದಿನಾ ನಾನೇ ಅಮ್ಮನ್ನ ಸಾಯಿಸ್ತಿದೀನಿ ಕಣೋ,” ಎಂದು ಅಕ್ಕ ಒಮ್ಮೆ ನನ್ನೆದುರೇ ಬಿಕ್ಕಿದಳು. ನನಗೆ ಸಂಕಟವಾಯಿತು, ಅಷ್ಟೇ.

ಆ ವರ್ಷದ ಹಿಮ ಕರಗುವ ಮೊದಲೇ ಅವರು ಹೋದರು. ಅದಕ್ಕೆ ಕೆಲವು ದಿನ ಮುಂಚೆ, ಮಧ್ಯಾಹ್ನ, ನಾನು ನೋಡಲು ಹೋಗಿದ್ದಾಗ ಹಾಸಿಗೆಯಿಂದ ಎದ್ದು ಕೂತು ಕೇಳಿದರು: “ನಮ್ಮನೆಯವಳು ಬಂದಳಾ?”

ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡೆ. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. ಆಮೇಲೆ ಹೊದಿಕೆ ಸರಿಪಡಿಸುತ್ತ ಹೇಳಿದಳು: “ಬಂದಿದಾಳಪ್ಪ. ಹೆಂಗಸರ ಕಡೆ, ಮುಂದಿನ ಸಾಲಲ್ಲೇ ಕೂತಿದಾಳೆ.”

ಅವರ ಮುಖ ಅರಳಿತು. “ಹಾಗಾದ್ರೆ ಕತ್ತಲು ಮಾಡು ಮಗಳೇ, ಶುರು ಮಾಡೋಣ” ಎಂದರು.

ಅಕ್ಕ ಎದ್ದು ಹೋಗಿ ಕಿಟಕಿಯ ಪರದೆ ಎಳೆದಳು.